ಒಲೆಗೊಂದು ಆಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುಂಬಾರಕೊಪ್ಪಲಿನ ಕಡೆಗೆ ಹೊಸದಾಗಿ ಹಾಕುತ್ತಿರುವ ರಸ್ತೆಯ ಬದಿಯಲ್ಲಿ, ಜಲ್ಲಿಗುಡ್ಡೆಯ ಪಕ್ಕ, ಮೇಸ್ತ್ರಿ ಮೈಕಲಪ್ಪ ಟವೆಲನ್ನು ಕಿವಿಗೆ ಬಿಗಿದುಕೊಂಡು ನಿಂತಿದ್ದಾರೆ. ಎದುರಿಗೆ ಮಂಕರಿ ಹಿಡಿದ ಹೆಂಗಸರು, ಹಾರೆ ಹೊತ್ತ ಗಂಡಸರು. ಕೆಲಸ ಇರುವುದು ಬಂದವರಲ್ಲಿ ಅರ್ಧ ಜನಕ್ಕೆ. ಎಲ್ಲರ ಕಣ್ಣೂ ಮೈಕಲಪ್ಪನವರ ಬಾಯಿಯ ಮೇಲೆ. ಅವರು ಒಂದೊಂದೇ ಹೆಸರು ಕೂಗುತ್ತಾರೆ. ಹೆಸರು ಬಾರದವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಬಂದ ದಾರಿ ಹಿಡಿಯುತ್ತಾರೆ.

ಇದು ೧೯೩೨. ದುಡಿಯುವ ಕೈಗೆ ಕೆಲಸವಿಲ್ಲ, ಬೆಳೆದದ್ದಕ್ಕೆ ಬೆಲೆಯಿಲ್ಲ. ಬಡವರ ಹೊಟ್ಟೆಗೆ ಇಷ್ಟು ಬೀಳಲೆಂದು ತೆರೆದ ಈ ಕಾಮಗಾರಿಗೆ ಜನ ಇಟ್ಟಿರುವ ಹೆಸರು 'ಗಂಜಿ ರಸ್ತೆ'. ಗಂಜಿ ಎಲ್ಲರಿಗೂ ಸಾಲದಲ್ಲ, ಅದಕ್ಕೊಂದು ಕಟ್ಟಳೆ: ಒಲೆಗೊಂದು ಆಳು. ಮನೆಯಲ್ಲಿ ಹತ್ತು ಜನರಿದ್ದರೂ ಒಲೆ ಒಂದೇ ಆದರೆ ಕೆಲಸ ಒಬ್ಬರಿಗೇ. ಕಟ್ಟಳೆ ಬಂದದ್ದೇ ತಡ, ಜನ್ಮದಲ್ಲಿ ಜಗಳವಾಡದ ಅತ್ತೆ ಸೊಸೆಯರು ಬೇರೆಯಾದರು. ಒಂದೇ ಕೋಣೆಯಲ್ಲಿ ಈ ಮೂಲೆಗೆ ಮೂರು ಕಲ್ಲು, ಆ ಮೂಲೆಗೆ ಮೂರು ಕಲ್ಲು. ಹೊಟ್ಟೆ ಏನೇನು ಮಾಡಿಸುತ್ತದೋ!

ಆ ಒಲೆಗಳು ನಿಜವೋ ಸುಳ್ಳೋ ನೋಡಿ ಬರುವುದೂ ಮೈಕಲಪ್ಪನವರ ತಲೆಗೇ ಬಿದ್ದಿದೆ. ಸಂಜೆ ಕೆಲಸ ಬಿಟ್ಟ ಮೇಲೆ ಮನೆ ಮನೆಗೆ ಹೋಗಿ ಬೂದಿ ಮುಟ್ಟಿ ನೋಡಬೇಕು. ಕ್ರೈಸ್ತರನ್ನು ಒಳಗೆ ಬಿಟ್ಟುಕೊಳ್ಳದ ಮನೆಗಳಲ್ಲಿ ಹೊಸ್ತಿಲಾಚೆಯೇ ನಿಂತು, ಮಡಕೆ ಮಗುಚಿ ಮಸಿ ತೋರಿಸಿ ಎನ್ನಬೇಕು.

"ಹೆಣ್ಣುಮಕ್ಕಳ ಒಲೆ ಕೆದಕೋದು ಗಂಡಸು ಮಾಡೋ ಕೆಲಸವಾ ಸ್ವಾಮಿ?" ಎನ್ನುತ್ತಾರೆ ಮೈಕಲಪ್ಪ. "ಪಾಪ, ಸೆರಗು ಬಾಯಿಗಿಟ್ಕೊಂಡು ಗ್ವಾಡೆ ಕಡೆ ತಿರುಗ್ಬುಡ್ತಾರೆ. ನಂಗೆ ನೆಲದೊಳಕ್ಕೆ ಇಳಿದೋದಂಗಾಯ್ತದೆ."

ಅವರು ಮೊದಲು ಗಾರೆ ಕೆಲಸದ ಮೇಸ್ತ್ರಿ. ಕಟ್ಟಡಗಳು ಅರ್ಧಕ್ಕೇ ನಿಂತು ಕೈ ಖಾಲಿಯಾದಾಗ ಈ ರಸ್ತೆಗೆ ಬಂದರು. ವಯಸ್ಸು ಅರವತ್ತರ ಹತ್ತಿರ, ಮಂಡಿನೋವು ಬೇರೆ. ಆದರೆ ಅವರನ್ನು ಹಣ್ಣು ಮಾಡಿರುವುದು ಮಂಡಿಯಲ್ಲ, ಲಕ್ಷ್ಮಮ್ಮ.

ಲಕ್ಷ್ಮಮ್ಮ ಕೊಪ್ಪಲಿನ ವಿಧವೆ. ಮಗ ಹೊಡೆದು ಆಚೆಗೆ ಹಾಕಿದ, ದನದ ಕೊಟ್ಟಿಗೆಯಲ್ಲಿ ಬೇರೆ ಒಲೆ ಹೂಡಿದ್ದೇನೆ ಎಂದಳು. ಮೈಕಲಪ್ಪ ಹೋಗಿ ನೋಡಿದರೆ ಕಲ್ಲುಗಳ ನಡುವೆ ಬೂದಿಯಿಲ್ಲ, ಮಡಕೆಯ ತಳ ಹೊಚ್ಚ ಹೊಸದು. ಸುಳ್ಳು ಒಲೆ ಎಂದು ಮಾರನೆಯ ಬೆಳಗ್ಗೆ ಎಲ್ಲರೆದುರು ವಾಪಸು ಕಳಿಸಿದರು. ಅದಾಗಿ ಎರಡು ದಿನಕ್ಕೆ ಆಕೆಯ ನೆರೆಮನೆಯ ಚಾಮಯ್ಯ ಬಂದು ಒಂದೇ ಮಾತು ಕೇಳಿದ: "ಬೇಯ್ಸಕ್ಕೆ ಒಂದು ಹಿಡಿ ಹಿಟ್ಟಿಲ್ಲ. ಮಸಿ ಎಲ್ಲಿಂದ ಬಂದಾದು ಮೇಸ್ತ್ರಿ?"

ಮೈಕಲಪ್ಪ ಅಲ್ಲಿಂದಲೇ ಓಡಿ ಹೋಗಿ ಆಕೆಯನ್ನು ಕರೆತಂದರು. ಈಗ ದಿನವೂ ಜಲ್ಲಿ ಹೊರುತ್ತಾಳೆ. ಹೆಸರು ಕೂಗಿದರೆ ಮಂಕರಿ ಎತ್ತಿಕೊಳ್ಳುತ್ತಾಳೆಯೇ ಹೊರತು ಮೈಕಲಪ್ಪನವರ ಮುಖ ನೋಡುವುದಿಲ್ಲ. ಅದು ಅವರನ್ನು ಒಳಗೊಳಗೇ ತಿನ್ನುತ್ತಿದೆ.

ಇದಾದ ಮೇಲೆ ಸರದಿ ಅವರ ಮನೆಗೇ ಬಂತು. ಲಷ್ಕರ್ ಮೊಹಲ್ಲಾದ ವಠಾರದಲ್ಲಿ ಒಂದೇ ಕೋಣೆ. ಹೆಂಡತಿ ಹೋಗಿ ಬಹಳ ಕಾಲವಾಯಿತು. ಗಂಡ ತೀರಿಕೊಂಡ ಮೇಲೆ ಮಗಳು ಸಹಾಯಮೇರಿ ಪುಟ್ಟ ಮಗು ಕ್ಯಾಥರೀನಳನ್ನು ಎತ್ತಿಕೊಂಡು ಬಂದು ಸೇರಿದ್ದಾಳೆ. ಅಪ್ಪನ ಕೂಲಿಯಲ್ಲಿ ಮೂರು ಹೊಟ್ಟೆ ತುಂಬುವುದಿಲ್ಲ. ಮಗುವಿನ ಕೈಕಾಲು ದಿನದಿಂದ ದಿನಕ್ಕೆ ಕಡ್ಡಿಯಾಗುತ್ತಿವೆ. ತನಗೂ ರಸ್ತೆಯಲ್ಲಿ ಕೆಲಸ ಕೊಡಿಸೆಂದು ಮಗಳು ಅತ್ತು ಕರೆದಳು. ಓವರ್ಸಿಯರ್ ವೆಂಕಟಸುಬ್ಬಯ್ಯನವರು, ಒಳ್ಳೆಯ ಮನುಷ್ಯ, ಬೇರೆ ಒಲೆಯೆಂದು ಹೇಳಿ ಹೆಸರು ಸೇರಿಸಿಬಿಡಯ್ಯ, ನಿನ್ನ ಮನೆಗೆ ಬಂದು ಯಾರು ನೋಡುತ್ತಾರೆ ಎಂದರು.

ಮೈಕಲಪ್ಪ ಮನೆಗೆ ಬಂದು ಮಗಳನ್ನು ಕೂರಿಸಿಕೊಂಡರು. "ಲಕ್ಷ್ಮಮ್ಮನ್ನ ವಾಪಸ್ ಕಳ್ಸಿದ ಬಾಯಿ ಕಣವ್ವ ಇದು. ಈ ಬಾಯಲ್ಲಿ ಸುಳ್ಳು ಒಲೆ ಕೂಗಕಾಗಲ್ಲ. ಬೇರೆ ಆಗೋದಾದ್ರೆ ನಿಜವಾಗ್ಲೂ ಬೇರೆ ಆಗ್ಬುಡು."

ಸಹಾಯಮೇರಿಗೆ ರೇಗಿತು. ಊರಿಗೆಲ್ಲ ಇಲ್ಲದ ಶೀಲ ನಮಗೊಬ್ಬರಿಗೇಕೆ ಎಂದು ಕೂಗಾಡಿದಳು, ಅತ್ತಳು, ಕೊನೆಗೆ ಹೋಗಿ ಮೂರು ಕಲ್ಲು ತಂದಳು. ಈಗ ಅವಳ ಒಲೆ ಬಾಗಿಲ ಪಕ್ಕ, ಅಪ್ಪನದು ಕಿಟಕಿಯ ಕೆಳಗೆ. ಹಿಟ್ಟು ಬೇರೆ, ಉಪ್ಪು ಬೇರೆ, ಸೌದೆ ಬೇರೆ. ಬೆಳಗ್ಗೆ ಜಲ್ಲಿಗುಡ್ಡೆಯ ಬಳಿ ಅವಳ ಹೆಸರನ್ನೂ ಅಪ್ಪನೇ ಕೂಗುತ್ತಾರೆ. ಮಗುವಿನ ಕೆನ್ನೆ ಒಂದಿಷ್ಟು ತುಂಬಿಕೊಂಡಿದೆ. ಅಷ್ಟು ಮಟ್ಟಿಗೆ ಈ ಕೆಲಸದಿಂದ ಒಳ್ಳೆಯದಾಗಿದೆ, ಇಲ್ಲವೆನ್ನುವಂತಿಲ್ಲ.

ಕಷ್ಟವಾಗುವುದು ಉಣ್ಣುವ ಹೊತ್ತಿಗೆ. ಕ್ಯಾಥರೀನಳಿಗೆ ಇನ್ನೂ ಮೂರು ವರ್ಷ ತುಂಬಿಲ್ಲ, ಅದಕ್ಕೇನು ಗೊತ್ತು ಕಟ್ಟಳೆ? ತಾತ ಮುದ್ದೆ ಮುರಿಯುತ್ತಲೇ ಬಂದು ತಟ್ಟೆಯ ಮುಂದೆ ಕೂತು ಬಾಯಿ ತೆರೆಯುತ್ತದೆ. ಮೈಕಲಪ್ಪ ಅದರ ಭುಜ ಹಿಡಿದು ಮೆಲ್ಲಗೆ ಬಾಗಿಲ ಕಡೆಗೆ ತಿರುಗಿಸುತ್ತಾರೆ. "ನಿಂದು ಅಲ್ಲೈತೆ ಕಣವ್ವ, ಹೋಗು."

ಈ ರಸ್ತೆ ಬೇಗ ಮುಗಿಯಲಿ ಎನಿಸುತ್ತದೆಯೇ ಎಂದು ಕೇಳಿದರೆ ಅವರು ಹೇಳುವುದಿಷ್ಟು:

"ಮುಗುದ್ರೆ ಇಷ್ಟು ಜನ ಏನ್ ತಿಂದಾರು ಸ್ವಾಮಿ? ಮುಗೀಲಿ ಅನ್ನಕ್ಕೆ ಬಾಯಿ ಬರಲ್ಲ. ಆದ್ರೆ ಒಂದೇ ಒಂದ್ಸಲ, ನಾನು ಉಣ್ಣೋವಾಗ ಆ ಮಗೀಗೆ ಒಂದು ತುತ್ತು ಕೊಡಬೇಕು ಅಂತ ಆಸೆ."