ಸೊನ್ನೆ ಮೇಲೇರಿದ ಚಳಿಗಾಲ

ನಾನು ಚಿಕ್ಕವಳಿದ್ದಾಗ ಅಜ್ಜಿ ನೆಲಮಾಳಿಗೆಯಲ್ಲಿ ಒಣಹುಲ್ಲಿನ ಮೇಲೆ ಸೇಬು ಹರಡಿಡುತ್ತಿದ್ದಳು. ಬಾಗಿಲು ತೆರೆದರೆ ಸಾಕು, ಆ ವಾಸನೆ ಮೆಟ್ಟಿಲು ಹತ್ತಿ ಬಂದು ಮುಖ ಸವರುತ್ತಿತ್ತು. ಜರ್ಮನಿಯ ಲಾನ್ ನದಿಯ ದಂಡೆಯ ನಮ್ಮೂರಿನ ಪ್ರಯೋಗಶಾಲೆಯಲ್ಲಿ ಈ ಬೆಳಗಿನ ಐದು ಗಂಟೆಗೆ ಅದೇ ವಾಸನೆ. ಸೇಬು ಮಾತ್ರ ಒಂದೂ ಇಲ್ಲ. ಗಾಜಿನ ಬುರುಡೆಯಲ್ಲಿ ನೀರಿನಂಥ ದ್ರವವೊಂದು ಕುದಿಯುತ್ತಿದೆ; ಅದರ ಆವಿ ತಣಿದು ಪಕ್ಕದ ಕೊಳವೆಯಿಂದ ಹನಿಹನಿಯಾಗಿ ಬೀಳುತ್ತಿದೆ. ಅದರ ಮುಂದೆ ಕೊನ್ರಾಡ್ ಹಾಪೆಲ್ ಕನಸು ಕಾಣುವವರ ಹಾಗೆ ಕುಳಿತಿದ್ದಾರೆ.

ಹಾಪೆಲ್‌ಗೆ ಅರವತ್ತೊಂದು. ಒಲೆ ಹೊತ್ತಿಸಿ ಗಾಜು ತೊಳೆಯುವ ಆಳು ಎಂದು ದಾಖಲೆ ಹೇಳುತ್ತದೆ. ಆದರೆ ಹದಿನೆಂಟು ವರ್ಷಗಳಿಂದ ಪ್ರೊಫೆಸರ್ ವೀಗಾಂಟರ ದ್ರವಗಳು ಎಷ್ಟು ಡಿಗ್ರಿಗೆ ಕುದಿಯುತ್ತವೆಂದು ಓದುವ ಕಣ್ಣು ಇವರದೇ. ಬೀದಿಯಲ್ಲಿ ಗಾಡಿಗಳು ಓಡಾಡಿ ಮೇಜು ಅದುರುವ ಮೊದಲೇ ಓದಿ ಮುಗಿಸಬೇಕು. ಒಂದು ದ್ರವಕ್ಕೆ ಮೂರು ಬೆಳಗು. ಊರ ಶಾಲೆಯಲ್ಲಿ ಪಾಠ ಹೇಳುವ ನಾನು ಇವತ್ತು ಇವರ ಕೆಲಸ ನೋಡಲು ಬಂದಿದ್ದೇನೆ.

"ಆತುರ ಮಾಡಿದ್ರೆ ಇದು ಸುಳ್ಳು ಹೇಳುತ್ತೆ ಟೀಚರಮ್ಮ. ಉಸಿರಿಗೊಂದು ಹನಿ ಬೀಳ್ಬೇಕು. 'ನನ್ನ ಮಾತನ್ನ ಯಾವತ್ತಾದ್ರೂ ಇಷ್ಟು ಗಮನ ಇಟ್ಟು ಕೇಳಿದ್ದೀರಾ?' ಅಂತಾಳೆ ನನ್ನ ಹೆಂಡ್ತಿ."

ಹಾಪೆಲ್‌ರ ನಗು ಅಲ್ಲಿಗೇ ನಿಲ್ಲುತ್ತದೆ. ಉಷ್ಣಮಾಪಕದ ಗಾಜು ವಯಸ್ಸಾದಂತೆ ಕುಗ್ಗಿ ಪಾದರಸವನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಕರಗುವ ಮಂಜುಗಡ್ಡೆಯಲ್ಲಿ ಅದ್ದಿ, ಸೊನ್ನೆ ಸೊನ್ನೆಯಲ್ಲೇ ಇದೆಯೇ ಎಂದು ನೋಡುವುದು ಇಲ್ಲಿನ ವಾಡಿಕೆ. ಈ ಚಳಿಗಾಲ ನದಿ ಹೆಪ್ಪುಗಟ್ಟಲಿಲ್ಲ. ನದಿಯ ಮಂಜುಗಡ್ಡೆ ಕೂಡಿಡುವ ಬಿಯರ್ ಮಾಡುವವರ ನೆಲಮನೆಯೂ ಖಾಲಿ. ಹಾಪೆಲ್ ಅಕ್ಟೋಬರಿನಲ್ಲಿ ನೋಡಿದ ಹಳೆಯ ಸೊನ್ನೆಯನ್ನೇ ನಂಬಿದರು. ನಿನ್ನೆ, ಮಾರ್ಚ್ ಮುಗಿಯುವಾಗ, ಹಿಮ ಬಿತ್ತು. ಬಟ್ಟಲು ತುಂಬ ತಂದು ಅದ್ದಿದರೆ, ಪಾದರಸ ಅರ್ಧ ಡಿಗ್ರಿ ಮೇಲೆ ನಿಂತಿದೆ.

ಈ ಚಳಿಗಾಲ ಓದಿದ ನಲವತ್ತೊಂದು ದ್ರವಗಳ ಪ್ರೊಫೆಸರರ ಪಟ್ಟಿ ಇವತ್ತೇ ಅಚ್ಚಿಗೆ ಹೋಗಬೇಕು.

"ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ನಾಳೆಯಿಂದ ಈ ಸ್ಟೂಲಿನ ಮೇಲೆ ಬೇರೆಯವ್ರು ಕೂತಿರ್ತಾರೆ," ಎನ್ನುತ್ತಾರೆ ಹಾಪೆಲ್. ಕಣ್ಣು ಪಾದರಸದ ಎಳೆಯ ಮೇಲೇ ಇದೆ.

ಏಳಕ್ಕೆ ಪ್ರೊಫೆಸರ್ ಕೋಟಿನ ಹಿಮ ಕೊಡವುತ್ತ ಬರುತ್ತಾರೆ. ಕಂಕುಳಲ್ಲಿ ಕಾಗದದ ಕಟ್ಟು. ಹಾಪೆಲ್ ಎದ್ದು ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ.

"ಸೊನ್ನೆ ಯಾವಾಗ ಏರಿತು?"

"ಗೊತ್ತಿಲ್ಲ ಸ್ವಾಮಿ. ಅಕ್ಟೋಬರಿಂದ ಈಚೆಗೆ ಯಾವಾಗ್ಲೋ. ಅದಕ್ಕೇ ಎಲ್ಲದ್ರಲ್ಲೂ ಅರ್ಧ ಕಳೆದ್ರೂ ಸರಿಹೋಗಲ್ಲ. ನಲವತ್ತೊಂದನ್ನೂ ಮತ್ತೆ ಕುದಿಸ್ಬೇಕು. ತಪ್ಪು ನಂದೇ."

ಪ್ರೊಫೆಸರ್ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. "ನೂರಿಪ್ಪತ್ಮೂರು ಬೆಳಗು. ಯಾರಯ್ಯ ಕುದಿಸೋರು?"

"ನೀವು ಯಾರನ್ನ ಹೇಳ್ತೀರೋ ಅವರು."

"ನಿನ್ನಷ್ಟು ನಿಧಾನದ ಪ್ರಾಣಿ ಈ ಊರಲ್ಲಿ ಇನ್ನೊಂದಿದ್ಯಾ?" ಕಾಗದದ ಕಟ್ಟು ಕಪಾಟು ಸೇರುತ್ತದೆ. "ಅಚ್ಚಿನವನು ಕಾಯ್ಲಿ ಬಿಡು. ಬುರುಡೇಲಿ ಏನಿದೆ?"

"ಮೊದಲನೇದು ಸ್ವಾಮಿ. ಹೊಸ ಸೊನ್ನೆ ಹಿಡಿದು ಶುರು ಮಾಡಿಬಿಟ್ಟಿದ್ದೀನಿ."

ಹಾಪೆಲ್ ಮತ್ತೆ ಸ್ಟೂಲಿನ ಮೇಲೆ ಕೂರುತ್ತಾರೆ. ಹನಿ ಬೀಳುತ್ತಿರುವಾಗ ಅಲ್ಲಿಂದ ಏಳುವಂತಿಲ್ಲ. ಪ್ರೊಫೆಸರ್ ಜೇಬಿನಿಂದ ತಮ್ಮ ಬುತ್ತಿಯ ಪೊಟ್ಟಣ ತೆಗೆಯುತ್ತಾರೆ. ರೈ ಬ್ರೆಡ್ಡಿನ ನಡುವೆ ಲಿವರ್ ಸಾಸೇಜು. ಪೊಟ್ಟಣ ಬಿಚ್ಚಿ, ಹಾಪೆಲ್‌ರ ಎಡಗೈಗೆ ಎಟಕುವ ಹಾಗೆ ಮೇಜಿನ ಮೇಲಿಟ್ಟು, ಈ ಕುದಿತದ ಹೊತ್ತಿನ ಗಾಳಿಯ ಒತ್ತಡ ಓದಲು ವಾಯುಭಾರಮಾಪಕದ ಕಡೆ ತಿರುಗುತ್ತಾರೆ.