ಅಬ್ಬಾ ಜೋಡಿಸದ ಚೀಟಿ

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಮಂಡ್ಯದ ನಮ್ಮ ಹಳೆಯ ಮನೆಯ ಮುಂದಿನ ಕೋಣೆ ಕಣ್ಣೆದುರು ನಿಲ್ಲುತ್ತದೆ. ಅಬ್ಬಾ ಅಲ್ಲಿ ಅಚ್ಚುಕೂಟ ನಡೆಸುತ್ತಿದ್ದರು. ಅಚ್ಚಾದ ಮೇಲೆ ಸೀಸದ ಅಕ್ಷರಗಳ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೂ ಪೆಟ್ಟಿಗೆಯ ಅದರದರ ಮನೆಗೆ ಹಿಂದಿರುಗಿಸುವುದು ಅವರ ಸಂಜೆಯ ಕೆಲಸ. ಮನೆಯಲ್ಲಿ ನಾವಾಡುತ್ತಿದ್ದುದು ಉರ್ದು. ಆದರೆ ಕನ್ನಡದ ಒತ್ತು, ದೀರ್ಘಗಳೆಲ್ಲ ಅಬ್ಬಾನ ಬೆರಳ ತುದಿಯಲ್ಲಿದ್ದವು. ಬಸರಾಳಿನಿಂದ ಬಂದು ನಮ್ಮ ಬೀದಿಯಲ್ಲೇ ನೆಲೆಸಿದ್ದ ಕೆಂಪಮ್ಮ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದಳು. ಅವಳಿಗೆ ಓದು ಬಾರದು, ಆದರೂ ಹಾಳೆಯೊಂದು ತಲೆಕೆಳಗಾಗಿದ್ದರೆ ತಟ್ಟನೆ ಹಿಡಿಯುತ್ತಿದ್ದಳು. ಇಂಥ ಮನೆಯೊಂದನ್ನು ಕಳೆದುಕೊಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಯುದ್ಧದ ಕಾಲ. ಮೈಸೂರಿನಲ್ಲಿ ಕಾಗದ ಸಿಗದಾದಾಗ, ಅಬ್ಬಾ ಮೊದಲೇ ತರಿಸಿಟ್ಟಿದ್ದ ಕಾಗದದ ಸುದ್ದಿ ಹಿಡಿದು ಅಲ್ಲಿನ ಸಾಹಿತಿಗಳು ರೈಲು ಹತ್ತಿ ಬಂದರು. ಯಾರ ಹಂಗೂ ಇಲ್ಲದೆ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸುತ್ತೇವೆಂದು ಸಂಘ ಕಟ್ಟಿಕೊಂಡವರು. ಹಂಗಿಲ್ಲದವರಂತೆ! ಅಮ್ಮಿ ಮಾಡಿದ ತಿಂಡಿ ಮುಟ್ಟಲು ಅವರಿಗೆ ಮಡಿ ಅಡ್ಡ ಬರುತ್ತಿತ್ತು. ನಮ್ಮ ಹಿತ್ತಿಲ ಮಾವಿನಹಣ್ಣನ್ನು ಬುಟ್ಟಿ ತುಂಬ ಒಯ್ಯಲು ಮಾತ್ರ ಅದು ಅಡ್ಡ ಬರುತ್ತಿರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕುಳಿತು ನಾಡುನುಡಿಯ ಏಳಿಗೆಯ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದರು. ಕೆಂಪಮ್ಮ ಹಾಳೆಯ ಕಟ್ಟು ಹೊತ್ತು ದಾಟಲು ಬಂದರೆ ಆ ಕಾಲು ಮಡಚಿದವರಿಲ್ಲ.

ಅವರ ಮುಂದಾಳು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರು. ಅವರ ಪುಸ್ತಕದ ಹೆಸರಿನಲ್ಲೇ ‘ಶಬ್ದ’ ಎಂಬ ಮಾತಿತ್ತು. ಬರೆದುಕೊಟ್ಟದ್ದು ಮಾತ್ರ ‘ಶಬ್ಧ’ ಎಂದು. ಅಬ್ಬಾ ಸರಿಯಾದದ್ದನ್ನೇ ಜೋಡಿಸಿದರು. ಕರಡಚ್ಚಿನಲ್ಲಿ ಮೇಷ್ಟರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ತಮ್ಮ ಮಹಾಪ್ರಾಣವನ್ನು ಮತ್ತೆ ಪ್ರತಿಷ್ಠಾಪಿಸಿದರು.

“ಸಾಬರೇ, ನೀವು ಮೊಳೆ ಜೋಡಿಸಿ, ಸಾಕು. ಕನ್ನಡವನ್ನು ನಮಗೆ ಬಿಡಿ,” ಎಂದರು. ಜೊತೆಯವರು ಹೋ ಎಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಅಬ್ಬಾ ಮುಖ ತಿರುಗಿಸಿಕೊಂಡರು. ಹೇಳಿದಂತೆಯೇ ಅಚ್ಚು ಹಾಕಿಕೊಟ್ಟರು.

ಮೈಸೂರಿನಲ್ಲಿ ನಡೆದ ಬಿಡುಗಡೆಯ ಸಭೆಯಲ್ಲಿ ವೃದ್ಧ ವಿದ್ವಾಂಸರೊಬ್ಬರು ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಿ ನಕ್ಕುಬಿಟ್ಟರಂತೆ. ಮರುವಾರವೇ ಮೇಷ್ಟರು ಬಂದರು, ಪ್ರತಿಯೊಂದು ಪುಸ್ತಕಕ್ಕೂ ಅಂಟಿಸಲು ಒಂದು ಚೀಟಿ ಅಚ್ಚಾಗಬೇಕೆಂದು. ‘ಮುದ್ರಕರ ಅಜ್ಞಾನದಿಂದಾದ ತಪ್ಪಿಗಾಗಿ ವಿಷಾದಿಸುತ್ತೇವೆ’ ಎಂದು ಅದರಲ್ಲಿ ಬರೆದಿತ್ತು. ಅಬ್ಬಾ ಕೆಂಪು ಶಾಯಿಯ ಕರಡನ್ನು ತಂದು ಅವರ ಮುಂದಿಟ್ಟರು.

“ಅದೆಲ್ಲ ಈಗೇಕೆ? ನಾಲ್ಕು ಜನರ ಮುಂದೆ ನನ್ನ ಮಾನ ಉಳಿಯಬೇಕಲ್ಲ. ನಿಮಗೇನು, ನಿಮ್ಮನ್ನು ಯಾರು ಬಲ್ಲರು?”

ಕೆಂಪಮ್ಮ ಸೂಜಿ ಕೆಳಗಿಟ್ಟಳು. “ಜೋಡಿಸ್ಬ್ಯಾಡಿ ಸಾಬ್ರೇ. ತಪ್ಪು ಮಾಡೋರು ಇವ್ರು, ಮಸಿ ನಿಮ್ ಮಕಕ್ಕಾ? ಇಂತೋರ ಬಾಯ್ಗಿಂತ ನಮ್ಮ ಅಟ್ಟಿ ಎಮ್ಮೆ ಬಾಯಿ ವಾಸಿ, ಬುಡಿ!”

“ಇದು ನನ್ನ ಕೈಲಾಗೋದಿಲ್ಲ ಸ್ವಾಮಿ,” ಎಂದು ಅಬ್ಬಾ ಚೀಟಿಯನ್ನು ಹಿಂದಕ್ಕೆ ಕೊಟ್ಟರು.

ಚೀಟಿ ಬೇರೆಲ್ಲೋ ಅಚ್ಚಾಯಿತು. ನಮ್ಮ ಮಾವು ತಿಂದ ಒಬ್ಬ ಕವಿಯೂ ತುಟಿ ಬಿಚ್ಚಲಿಲ್ಲ. ಮೈಸೂರಿನ ಕೆಲಸ ನಿಂತೇ ಹೋಯಿತು. ಲಗ್ನಪತ್ರಿಕೆ, ಯಲಿಯೂರಿನ ನಾಟಕದ ಕರಪತ್ರಗಳಷ್ಟೇ ಉಳಿದವು. ಎಷ್ಟೋ ವರ್ಷಗಳ ಮೇಲೆ ಆ ಮಹನೀಯರು ಒಬ್ಬೊಬ್ಬರಾಗಿ ಆತ್ಮಕಥೆ ಬರೆದರು. ಎಲ್ಲವನ್ನೂ ತರಿಸಿ ಓದಿದೆ. ಅವರ ಧೈರ್ಯ, ಅವರ ತ್ಯಾಗ, ಅವರು ಕುಡಿದ ಕಾಫಿ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ನಮ್ಮ ಜಗಲಿಗೆ ಒಂದು ಸಾಲೂ ಇರಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ.

ಆ ಮನೆ ಈಗಿಲ್ಲ, ಅಬ್ಬಾ, ಅಮ್ಮಿ, ಕೆಂಪಮ್ಮ ಮೂವರೂ ಇಲ್ಲ. ಸ್ವಾತಂತ್ರ್ಯ ಬಂದಾಗ ಊರಿನ ಧ್ವಜವಂದನೆಯ ಕರಪತ್ರ ನಮ್ಮಲ್ಲೇ ಅಚ್ಚಾಯಿತು. ಅಬ್ಬಾ ಮಾಡಿದ ಕೊನೆಯ ದೊಡ್ಡ ಕೆಲಸ ಅದು. ಕೆಂಪಮ್ಮ ಹಸಿ ಹಾಳೆಯೊಂದನ್ನು ಅಂಗೈ ಮೇಲೆ ಹಿಡಿದು, “ಏನ್ ಬರ್ದದೆ ಸಾಬ್ರೇ, ವಸಿ ಓದಿ,” ಎಂದಳು. ಅಬ್ಬಾ ಕನ್ನಡಕ ಏರಿಸಿ, ಒಂದೊಂದು ಅಕ್ಷರವನ್ನೂ ತೂಗಿ ತೂಗಿ ಓದಿದರು. ಎಲ್ಲಕ್ಕೂ ಕೆಳಗೆ ಸಣ್ಣ ಮೊಳೆಯಲ್ಲಿ ಮುದ್ರಕರೆಂದು ಅಬ್ಬಾನ ಹೆಸರಿತ್ತು. ಅದೊಂದು ಸಾಲನ್ನು ಓದದೆ ಹಾಳೆ ಕೆಳಗಿಟ್ಟರು.

ಅದನ್ನು ನಾನು ಗಟ್ಟಿಯಾಗಿ ಓದಿದೆ.