ಪಾಸಾಗಬಾರದ ಪರೀಕ್ಷೆ

ನಮ್ಮ ಮನೆಯ ಹೆಣ್ಣುಮಕ್ಕಳ ತಲೆಗೆ ಓದು ಹತ್ತುವುದಿಲ್ಲ ಎಂದವರು ನನ್ನ ಸೋದರಮಾವ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಕಾಲೇಜಿಗೆ ಸೇರುತ್ತೇನೆಂದು ಹೇಳಲು ಶಿರಾಲಿಯ ಅವರ ಅಂಗಡಿಗೆ ಹೋದಾಗ ಗಿರಾಕಿಗಳ ಎದುರಿಗೇ ಅಂದುಬಿಟ್ಟರು. ಅವರ ಪುಟ್ಟ ಮಗಳು ತೊಡೆಯ ಮೇಲೆ ಕೂತು ಬೆಲ್ಲ ಚೀಪುತ್ತಿದ್ದಳು.

ಆ ಮಾತಿನ ಸಿಟ್ಟಿನಲ್ಲೇ ನಾನು ಓದಿದೆ. ಅಪ್ಪ ಹಂಚಿನ ಕಾರ್ಖಾನೆಯ ಕೂಲಿ. ನಮ್ಮ ಪೈಕಿ ಡಿಗ್ರಿ ಮಾಡಿದವರು ಒಬ್ಬರೂ ಇರಲಿಲ್ಲ. ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಮಾಡಿದೆ, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದೆ. ಓದುತ್ತ ತೂಕಡಿಕೆ ಬಂದರೆ ಮಾವನ ಮುಖ ನೆನೆಸಿಕೊಂಡರೆ ಸಾಕಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದೆ, ಹೊಲಿಗೆ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದೆ. ವಾರಕ್ಕೊಮ್ಮೆ ಕುಮಟೆಗೆ, ವಾರಕ್ಕೊಮ್ಮೆ ಭಟ್ಕಳಕ್ಕೆ ಹೋಗುತ್ತಿದ್ದೆ. ಶಾಲೆಯವರು ಕರೆದರೆ ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ನೋಡಿ ಸಲಹೆ ಕೊಡುವುದು, ಆಸ್ಪತ್ರೆಯವರು ಕಳಿಸಿದರೆ ಬುದ್ಧಿಮಟ್ಟ ಅಳೆದು ವರದಿ ಬರೆಯುವುದು. ಆ ವರದಿ ನೋಡಿ ಡಾಕ್ಟರುಗಳು ಅಂಗವಿಕಲರ ಸರ್ಟಿಫಿಕೇಟಿಗೆ ಸಹಿ ಹಾಕುತ್ತಿದ್ದರು.

ನನ್ನಲ್ಲಿಗೆ ಯಾರೂ ಹೇಳಿಕೊಂಡು ಬರುತ್ತಿರಲಿಲ್ಲ. ನೆರೆಮನೆಯವರಿಗೆ ಇಡಗುಂಜಿಗೆ ಹೋಗುತ್ತೇವೆಂದು ಹೇಳಿ ಹೊರಡುತ್ತಿದ್ದರು. ಹೇಳಿದ್ದು ಸುಳ್ಳಾಗಬಾರದೆಂದು ಮೊದಲು ದೇವಸ್ಥಾನಕ್ಕೆ ಹೋಗಿ, ಪಂಚಕಜ್ಜಾಯದ ಪೊಟ್ಟಣ ಹಿಡಿದುಕೊಂಡೇ ನನ್ನ ಮೆಟ್ಟಿಲು ಹತ್ತುತ್ತಿದ್ದರು. ನನ್ನ ಮೇಜಿನ ಮೇಲೆ ಪ್ರಸಾದ ತಪ್ಪಿದ ದಿನವಿಲ್ಲ. ಅವರ ಮಗುವಿಗೆ ಏನೇನು ಬರುವುದಿಲ್ಲ ಎಂದು ಬರೆದೇ ನನ್ನ ಊಟ ನಡೆಯುತ್ತಿತ್ತು. ಒಮ್ಮೊಮ್ಮೆ ಆ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ.

ಮಾವನೂ ಹಾಗೆಯೇ ಪೊಟ್ಟಣ ಹಿಡಿದು ಬಂದರು. ಜೊತೆಗೆ ಅತ್ತೆ, ಮತ್ತು ಆ ಮಗಳು. ಆಗ ಅವಳಿಗೆ ಇಪ್ಪತ್ತರ ಸುಮಾರು. ಎರಡನೇ ಇಯತ್ತೆಗೇ ಶಾಲೆ ಬಿಡಿಸಿದ್ದರು. ಕುಮಟೆಯಲ್ಲಿ ಬುದ್ಧಿ ಬೆಳೆಯದ ಇಂಥವರಿಗೆ ಕೈಕೆಲಸ ಕಲಿಸುವ ಶಾಲೆಯೊಂದು ಶುರುವಾಗಿತ್ತು. ಅಲ್ಲಿ ಚಾಪೆ ಹೆಣೆಯುವುದನ್ನು ನೋಡಿ ಬಂದಂದಿನಿಂದ ಅವಳು ದಿನಾ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ. ಸರ್ಟಿಫಿಕೇಟ್ ಇಲ್ಲದೆ ಅಲ್ಲಿ ಸೀಟು ಕೊಡುತ್ತಿರಲಿಲ್ಲ.

ಸ್ವಂತದವರನ್ನು ಪರೀಕ್ಷಿಸಬಾರದೆಂದು ನಮ್ಮ ಕಸುಬಿನಲ್ಲಿ ನಿಯಮವಿದೆ. ಹೇಳಿ ನೋಡಿದೆ.

"ಬೇರೆಯವರ ಎದುರು ಇದನ್ನ ಕೂರ್ಸೂದಿಲ್ಲ" ಎಂದರು ಮಾವ.

ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಹತ್ತಿರದಲ್ಲಿ ಬೇರೆ ಯಾರಿದ್ದಾರೆ, ಸಂಬಂಧವನ್ನು ವರದಿಯಲ್ಲಿ ಬರೆದು ನೀವೇ ಮಾಡಿ ಎಂದರು. ಒಪ್ಪಿಕೊಂಡೆ. ಹುಡುಗಿಗೆ ಒಳ್ಳೆಯದಾಗಲಿ ಎಂದಿತ್ತು. ಮೇಜಿನ ಈಚೆ ಕೂತ ನನ್ನನ್ನು ಮಾವ ಒಮ್ಮೆ ಸರಿಯಾಗಿ ನೋಡಲಿ ಎಂದೂ ಇತ್ತು.

ಮರುವಾರ ಅವಳು ಹೊಸ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಹೆಣ್ಣು ನೋಡಲು ಬಂದವರ ಮುಂದೆ ಕೂರುವಂತೆ ಬಂದು ಕೂತಳು. ನಾನು ಕೇಳುವ ಮೊದಲೇ ಹೆಸರು, ಊರು, ತಂದೆಯ ಹೆಸರು ಹೇಳಿದಳು. ಒಂದರಿಂದ ಇಪ್ಪತ್ತು ಎಣಿಸಿದಳು. ವಾರಗಳನ್ನು ಒಂದೂ ತಪ್ಪದೆ ಒಪ್ಪಿಸಿದಳು. ಅತ್ತೆಯ ತುಟಿಗಳೂ ಅವಳ ಜೊತೆಗೇ ಅಲ್ಲಾಡುತ್ತಿದ್ದವು. ವಾರವಿಡೀ ಕೂರಿಸಿ ಕಲಿಸಿದ್ದರು. ಪರೀಕ್ಷೆ ಎಂದ ಮೇಲೆ ಪಾಸಾಗಬೇಕಲ್ಲ. ನಾನೂ ಗಟ್ಟು ಹೊಡೆದೇ ಮೇಲೆ ಬಂದವಳು, ನನಗೆ ಗುರುತು ಸಿಗದೇ ಇರುತ್ತದೆಯೇ.

ಬುಧವಾರದ ಹಿಂದಿನ ದಿನ ಯಾವುದು ಎಂದು ಕೇಳಿದೆ. ಅವಳು ಆದಿತ್ಯವಾರದಿಂದ ಶುರುಮಾಡಿ ಶನಿವಾರದವರೆಗೆ ಹೇಳಿ ನಕ್ಕಳು. ಐದು ಗುಂಡಿ ಕೊಡು ಎಂದರೆ ಮುಷ್ಟಿ ತುಂಬ ಕೊಟ್ಟಳು. ಮರದ ಹಲಗೆಯ ತೂತುಗಳಿಗೆ ಬಿಲ್ಲೆ ಕೂರಿಸಲು ಹೇಳಿದಾಗ ನಕ್ಷತ್ರವನ್ನು ದುಂಡನೆಯ ತೂತಿಗೆ ಒತ್ತುತ್ತಲೇ ಇದ್ದಳು.

"ಇದನ್ನ ನಾವು ಕಲಿಸ್ಲಿಲ್ಲ" ಎಂದು ಅತ್ತೆ ಅರ್ಧ ಎದ್ದರು.

ಕಷ್ಟವಿದ್ದದ್ದು ಇದರಲ್ಲಲ್ಲ. ಆಮೇಲೆ ತಾಯಿಯನ್ನು ಕೇಳುವ ಪ್ರಶ್ನೆಗಳಿರುತ್ತವೆ. ತಾನೇ ಸ್ನಾನ ಮಾಡುತ್ತಾಳೋ, ಒಲೆ ಹಚ್ಚುತ್ತಾಳೋ, ಒಬ್ಬಳೇ ಅಂಗಡಿಗೆ ಹೋಗುತ್ತಾಳೋ. ಅತ್ತೆ ಎಲ್ಲದಕ್ಕೂ "ಮಾಡ್ತದೆ, ಮಾಡ್ತದೆ" ಎಂದರು. ಅದನ್ನೇ ಬರೆದರೆ ಸರ್ಟಿಫಿಕೇಟು ಸಿಗುವಂತಿರಲಿಲ್ಲ. ಪೆನ್ನು ಕೆಳಗಿಟ್ಟು, ಇಲ್ಲಿ ಪಾಸು ಎನ್ನುವುದು ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದೆ.

"ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಎಂದರು ಅತ್ತೆ.

ಹೌದು, ಹೇಳಬಹುದಿತ್ತು. ದೊಡ್ಡ ಮಾತುಗಳಲ್ಲಿ ನಿಯಮ ವಿವರಿಸಿದ್ದೆನೇ ಹೊರತು ಈ ಒಂದು ಸಾದಾ ಮಾತು ಹೇಳಿರಲಿಲ್ಲ. ಮತ್ತೆ ಮೊದಲಿನಿಂದ ಕೇಳಿದೆ. ಒಲೆ? ಇಲ್ಲ. ಅಂಗಡಿ? ಇಲ್ಲ. ಸ್ನಾನ? ನಾನೇ ಮಾಡಿಸೂದು. ಒಂದೊಂದು 'ಇಲ್ಲ'ಕ್ಕೂ ಅತ್ತೆಯ ದನಿ ಇಳಿಯುತ್ತಾ ಹೋಯಿತು. ಮುಟ್ಟಿನ ದಿನಗಳ ಪ್ರಶ್ನೆ ಬಂದಾಗ ಬಾಗಿಲ ಬಳಿಯಿದ್ದ ಮಾವ ಎದ್ದು ಹೊರಗೆ ಹೋದರು. ಹುಡುಗಿ ಮಾತ್ರ ನನ್ನನ್ನೇ ನೋಡುತ್ತ, ನಾನು ಮೆಚ್ಚಬಹುದೆಂದು ಮತ್ತೊಮ್ಮೆ ವಾರಗಳನ್ನು ಒಪ್ಪಿಸತೊಡಗಿದಳು. ನಾನು ತಲೆ ಎತ್ತಲಿಲ್ಲ. ಬರೆದೆ.

ಸರ್ಟಿಫಿಕೇಟು ಸಿಕ್ಕ ದಿನ ಆಸ್ಪತ್ರೆಯ ಜಗುಲಿಗೆ ನಾನೂ ಹೋಗಿದ್ದೆ. ಗುಮಾಸ್ತರು ಅದನ್ನು ಹುಡುಗಿಯ ಕೈಗೇ ಕೊಟ್ಟರು. ಅವಳು ಅದನ್ನು ಸೀದಾ ಚೀಲದೊಳಗೆ ಹಾಕಿ, ಕುಮಟೆಗೆ ಈಗಲೇ ಹೊರಡುವವಳಂತೆ ಮೆಟ್ಟಿಲಿಳಿದಳು. ಅತ್ತೆ ಹಿಂದೆ ಓಡಿದರು.

ನಾನು ಮಾವನಿಂದ ಒಂದು ಮಾತಿಗಾಗಿ ಕಾದಿದ್ದೆ. ಇಷ್ಟು ವರ್ಷ ಕಾದಿದ್ದೆ. ಅವರು ಮಗಳು ಹೋದ ದಿಕ್ಕಿಗೇ ನೋಡುತ್ತಿದ್ದರು.

"ಅವತ್ತು ಅಂಗ್ಡೀಲಿ ನಾ ಹೇಳಿದ್ದು ನಿಂಗಲ್ಲ, ತಂಗಿ" ಎಂದರು. "ಹಿಂದಿನ ದಿನ ಇದನ್ನ ಉಡುಪಿ ಡಾಕ್ಟ್ರಿಗೆ ತೋರ್ಸಿ ಬಂದಿದ್ದೆ. ಇದರ ತಲೆಗೆ ಓದು ಹತ್ತೂದಿಲ್ಲ ಅಂದಿದ್ರು. ಅದೇ ಬಾಯಲ್ಲಿತ್ತು. ನೀ ಎದುರಿಗೆ ಬಂದೆ."